ಒಡೆದ ಹಾಲಿನ ಅತ್ತೆ

ಸುರಪುರದಲ್ಲಿ ಹಾಲು ಒಡೆದರೆ ಯಾರೂ ಅಯ್ಯೋ ಅನ್ನುವುದಿಲ್ಲ, ನಮ್ಮ ಅತ್ತೆಗೆ ಫೋನು ಮಾಡುತ್ತಾರೆ! ಬೇರೆ ಊರಿನವರು ಒಡೆದ ಹಾಲಿಗೆ ಬೆಲ್ಲ ಹಾಕಿ ತಿನ್ನುತ್ತಾರೋ, ಬೆಕ್ಕಿನ ಮುಂದೆ ಇಡುತ್ತಾರೋ, ನನಗೆ ಗೊತ್ತಿಲ್ಲ. ಅತ್ತೆಯ ಓಣಿಯಲ್ಲಿ ಮಾತ್ರ ಗಟ್ಟಿಯನ್ನು ತಾವಿಟ್ಟುಕೊಂಡು, ಉಳಿದ ತಿಳಿಹಸಿರು ನೀರನ್ನು ಚೊಂಬಿಗೆ ಬಗ್ಗಿಸಿ, ಮೇಡಮ್ಮನ, ಅಂದರೆ ನಮ್ಮ ಅತ್ತೆಯ, ಮನೆಗೆ ಮುಟ್ಟಿಸುತ್ತಾರೆ. ಅತ್ತೆ ಆ ಚೊಂಬನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು, ಬೆಳಕಿಗೆ ಹಿಡಿದು, ಮೂಸಿ, "ಭಾಳ ಚಲೋ ಒಡದದ" ಎಂದು ಸರ್ಟಿಫಿಕೇಟು ಕೊಡುತ್ತಾಳೆ. ಹಾಲು ಒಡೆಸಿದವಳಿಗೆ ಇಂಥ ಮರ್ಯಾದೆ ಜಗತ್ತಿನಲ್ಲಿ ಇನ್ನೆಲ್ಲಿ ಸಿಕ್ಕೀತು?

ಅತ್ತೆ ಅಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಮನೆಯಲ್ಲಿ ಬಾಳುವುದುಂಟೆ! ಈಕೆ ನಮ್ಮ ಅಪ್ಪನ ತಂಗಿ. ಸುರಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾಳೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಟೈಮ್ ಸಿಗಲಿಲ್ಲ ಅನ್ನುತ್ತಾಳೆ. ಓರಗೆಯವರೆಲ್ಲ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ತಲೆ ಅರ್ಧ ಬೆಳ್ಳಗಾದ ಮೇಲೆ, ಪಿಎಚ್‌ಡಿಗೆ ಹೆಸರು ಹಚ್ಚಿದಳು. ಒಡೆದ ಹಾಲಿನ ನೀರಿನಲ್ಲಿ ಉಳಿದುಹೋಗುವ ಪ್ರೋಟೀನನ್ನು ಒಂದು ಕೊಳವೆಯೊಳಗಿನ ಮಣಿಗಳಿಗೆ ಅಂಟಿಸಿ ಹಿಡಿಯುವುದು ಅವಳ ವಿಷಯ. ಇದಕ್ಕೆ ಎಕ್ಸ್‌ಪಾಂಡೆಡ್ ಬೆಡ್ ಕ್ರೊಮ್ಯಾಟೊಗ್ರಫಿ ಅನ್ನುತ್ತಾರಂತೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಾಲು ಇನ್ನೊಮ್ಮೆ ಒಡೆಯುತ್ತದೆ!

ಈ ಹುಚ್ಚು ಹತ್ತಿದ್ದು ಶಹಾಪುರದಲ್ಲಿ. ಅಲ್ಲೊಂದು ಮಿಠಾಯಿ ಅಂಗಡಿಯ ಹಿಂದೆ, ಪನೀರು ಮಾಡಿ ಉಳಿದ ನೀರು ಗಟಾರಕ್ಕೆ ಹೋಗುವುದನ್ನು ಅತ್ತೆ ನೋಡಿದಳು. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಮೂಗು ಮುಚ್ಚಿಕೊಳ್ಳುವುದನ್ನೂ ಮರೆತು, ಗಟಾರದ ಅಂಚಿನಲ್ಲಿ ನಿಂತೇ ಬಿಟ್ಟಳು. ಅವಳ ಕಾಲೇಜಿನಲ್ಲಿ ಹುಣಸಗಿ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿಯರು ಎಷ್ಟೋ ಸಲ ಹೊಟ್ಟೆಗೇನೂ ಇಲ್ಲದೆ ಬಂದು, ತಲೆಸುತ್ತಿ ಬೆಂಚಿನ ಮೇಲೆ ಒರಗುತ್ತಾರೆ. "ಇದು ಗಟಾರ ಅಲ್ಲ, ಬ್ಯಾಳಿ ಗಡಿಗಿ ಹರಿಯಾಕತ್ತದ" ಎಂದಳು ಅತ್ತೆ, ಬೇಳೆಯ ಗಡಿಗೆಯಲ್ಲಿರುವಷ್ಟು ಸತ್ವ ಅಲ್ಲಿ ಹರಿದು ಹೋಗುತ್ತಿದೆ ಎಂದು. ಅಷ್ಟೇ, ಮುಗಿಯಿತು. ಅವತ್ತಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

ಆದರೆ ನಾನು ಹೇಳಲು ಹೊರಟ ಹೊತ್ತಿಗೆ ಆ ಪಿಎಚ್‌ಡಿ ಉಂಟೋ ಇಲ್ಲವೋ ಅನ್ನುವ ಹಂತಕ್ಕೆ ಬಂದಿತ್ತು. ಅವಳ ಗೈಡು, ಮೈಸೂರು ಕಡೆಯ ಬಹಳ ಮೆತ್ತನೆಯ ಮನುಷ್ಯ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇನ್ನೊಂದೇ ಸಲ ಬರುತ್ತೇನೆ, ಕೊಳವೆ ನನ್ನ ಕಣ್ಣೆದುರಿಗೆ ನೆಟ್ಟಗೆ ಕೆಲಸ ಮಾಡಬೇಕು, ಇಲ್ಲದಿದ್ದರೆ ಹೆಸರು ತೆಗೆಸಿಬಿಡುತ್ತೇನೆ. ಅಂಥ ಸಾಧು ಮನುಷ್ಯನ ಬಾಯಲ್ಲಿ ಇಂಥ ಮಾತು ಬರಬೇಕಾದರೆ ಅತ್ತೆ ಏನೇನು ಮಾಡಿರಬೇಕು ಅನ್ನುವುದನ್ನು ನೀವು ಮೊದಲು ತಿಳಿಯಬೇಕು.

ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ವ್ಯಾಕರಣ, ಛಂದಸ್ಸು, ಪ್ರಬಂಧ, ಇಷ್ಟೇ ನನ್ನ ಪ್ರಪಂಚ. ಅಂಥ ನನ್ನನ್ನು ಅತ್ತೆ ಹಾಲುನೀರಿನ ಸಾಗಣೆಗೆ ನೇಮಿಸಿಕೊಂಡಳು. ಶನಿವಾರ ಶಾಲೆ ಬಿಟ್ಟ ಕೂಡಲೇ ಮಿಠಾಯಿ ಅಂಗಡಿಯಿಂದ ಕ್ಯಾನು ತುಂಬಿಸಿಕೊಂಡು ಸುರಪುರದ ಬಸ್ಸು ಹತ್ತುವುದು ನನ್ನ ಕೆಲಸ. ಕ್ಯಾನಿನಲ್ಲಿ ಏನು ಎಂದು ಕೇಳಿದವರಿಗೆ ಒಡೆದ ಹಾಲಿನ ನೀರು ಎಂದು ನಿಜ ಹೇಳಿ ನೋಡಿದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಸೀಮೆಎಣ್ಣೆ ಎಂದು ಹೇಳತೊಡಗಿದೆ, ಗೌರವ ಬಂತು.

ಒಂದು ಶನಿವಾರ ಅತ್ತೆಯೂ ಜೊತೆಗಿದ್ದಳು. ಹತ್ತಿ ಮಾರುಕಟ್ಟೆಯ ಮಂದಿಯೆಲ್ಲ ಅದೇ ಬಸ್ಸಿಗೆ ನುಗ್ಗಿದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡು, ಮುಂದೆ ಬರಲಾರದೆ, ಹಿಂದೆ ಹೋಗಲಾರದೆ ಒದ್ದಾಡುತ್ತಿದ್ದ. ಅದನ್ನು ನೋಡಿದ್ದೇ ತಡ, ಅತ್ತೆಯ ಕಣ್ಣು ಹೊಳೆದವು. ನಾನು ಕ್ಯಾನನ್ನು ಭದ್ರವಾಗಿ ಅವುಚಿಕೊಂಡೆ!

"ನೋಡ್ರಿ, ನೀವು ಮುಂದ ಬರಾಕ ಆಗವಲ್ದು ಯಾಕ? ಮಂದಿ ಒತ್ತಿ ನಿಂತಾರ. ನಮ್ಮ ಮಣಿನೂ ಹಂಗ. ಒತ್ತಿ ಕುಂತ್ರ ನಡಕ ಗಸಿ ಸಿಗಬಿದ್ದು ದಾರಿನ ಬಂದ್ ಆಗತದ. ಅದ ಕೆಳಗಿಂದ ನೀರು ಸಣ್ಣಗ ಏರಿಸಿದ್ರ ಮಣಿ ಎಲ್ಲಾ ಒಂದೀಟೊಂದೀಟು ಮ್ಯಾಲೆದ್ದು ತೇಲತಾವ, ನಡಕ ಸಂದು ಬೀಳತದ. ಅವಾಗ ನೀವು ಚೀಲ ಹಾಕ್ಕೊಂಡ ಸರಳ ಹೋಗಬಹುದು, ಹೋಗೋವಾಗ ಎಲ್ಲಾರ ಕೈಯಾಗ ಟಿಕೇಟ್ ಇಟ್ಟು ಹೋಗತೀರಿ. ಆ ಟಿಕೇಟ ಪ್ರೋಟೀನ್."

ಅಂದರೆ ಪ್ರಯಾಣಿಕರು ಮಣಿಗಳು, ಕಂಡಕ್ಟರು ಒಡೆದ ಹಾಲಿನ ನೀರು, ಅವನ ಉಬ್ಬಿದ ಚೀಲ ಆ ನೀರಿನಲ್ಲಿರುವ ಹಾಲಿನ ಚೂರುಪಾರು. ಸೋಸದೆ ಬಿಟ್ಟರೂ ಚೂರು ಸಂದಿಯಲ್ಲಿ ಹಾದು ಮೇಲಿಂದ ಹೊರಗೆ ಹೋಗುತ್ತದೆ, ಪ್ರೋಟೀನು ಮಾತ್ರ ಮಣಿಗೆ ಅಂಟಿಕೊಂಡು ಉಳಿಯುತ್ತದೆ. ಇಡೀ ಬಸ್ಸು ಕಿವಿ ನಿಮಿರಿಸಿತು. ಒಬ್ಬ ಮುದುಕ, ಕೊಟ್ಟ ಟಿಕೆಟನ್ನು ಮಣಿಯಿಂದ ವಾಪಸು ತೆಗೆಯುವುದು ಹೇಗೆ ಎಂದು ಬಹಳ ಗಂಭೀರವಾಗಿ ವಿಚಾರಿಸಿದ. ಉಪ್ಪಿನ ನೀರು ಬಿಡಬೇಕು, ಅದು ಚೆಕಿಂಗಿನವರು ಬಂದ ಹಾಗೆ, ಬಂದರೆ ಎಲ್ಲರೂ ಟಿಕೆಟು ಹೊರಗೆ ತೆಗೆಯುತ್ತಾರೆ ಎಂದಳು ಅತ್ತೆ. ಬಸ್ಸಿನ ತುಂಬ ಭಲೆ ಭಲೆ! ಎಲ್ಲ ಮುಗಿದ ಮೇಲೆ ಕಂಡಕ್ಟರು ಸಣ್ಣ ದನಿಯಲ್ಲಿ, "ಅಕ್ಕಾರ, ಸುರಪುರ ಹೋಗಿ ಭಾಳ ಹೊತ್ತಾತ್ರಿ" ಎಂದ. ಹುಣಸಗಿ ರಸ್ತೆಯ ಕಾಲುವೆ ದಂಡೆಯ ಮೇಲೆ ಕ್ಯಾನು ಸಮೇತ ಇಳಿದೆವು.

ಇನ್ನು ಆ ಮಣಿಗಳ ವಿಚಾರ. ಮಣಿ ಅಂದರೆ ಸರದ ಮಣಿಯಲ್ಲ, ಸಣ್ಣ ರವೆಯಷ್ಟೇ ಇರುತ್ತವೆ. ಒಳಗೆ ಕಲ್ಲಿನ ಪುಡಿ ಸೇರಿಸಿ ಭಾರ ಮಾಡಿರುತ್ತಾರೆ, ನೀರು ಏರಿದಾಗ ಹಾರಿಹೋಗಬಾರದಲ್ಲ! ಹೈದರಾಬಾದಿನಿಂದ ತರಿಸಿದ ಅವನ್ನು ಬೂಸು ಹಿಡಿಯದಂತೆ ಸ್ಪಿರಿಟ್ಟು ಬೆರೆಸಿದ ನೀರಿನಲ್ಲಿ ಮುಳುಗಿಸಿ ಇಡಬೇಕು. ಅತ್ತೆ ಇಟ್ಟದ್ದೆಲ್ಲಿ? ಮನೆಯ ಫ್ರಿಜ್ಜಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ. ದೂರದ ನೆಂಟರೊಬ್ಬರು ತಣ್ಣೀರು ಕುಡಿಯಲು ಫ್ರಿಜ್ಜು ತೆರೆದು, ವಾಸನೆ ಹಿಡಿದು, ಬಾಟಲಿಯ ಮುಚ್ಚಳ ತೆಗೆದು ಖಾತ್ರಿ ಮಾಡಿಕೊಂಡರು. ಲೆಕ್ಚರಮ್ಮ ಕುಡಿಯುತ್ತಾಳೆ ಎಂಬ ಸುದ್ದಿ ಯಾದಗಿರಿಯ ಸ್ಟೇಷನ್ನು ಮುಟ್ಟಲು ಎಷ್ಟು ಹೊತ್ತು ಬೇಕು? ಹಿರಿಯರು ಬುದ್ಧಿ ಹೇಳಲು ಬಂದರು. ಅತ್ತೆ ಒಂಚೂರೂ ಸಿಟ್ಟಾಗದೆ, "ನಾ ಕುಡಿಯಂಗಿಲ್ರಿ, ನಮ್ಮ ಮಣಿ ಕುಡಿತಾವ" ಎಂದು ಬಾಟಲಿ ತಂದು ಅವರ ಮುಂದಿಟ್ಟಳು. ಹಿರಿಯರು ಚಹಾ ಕೂಡ ಮುಟ್ಟದೆ ಎದ್ದು ಹೋದರು.

ಕೊಳವೆ ಎಳ್ಳಷ್ಟೂ ವಾಲಬಾರದು, ಇದು ಅವಳ ಇನ್ನೊಂದು ಪೀಕಲಾಟ. ವಾಲಿದರೆ ನೀರು ಒಂದೇ ಮಗ್ಗುಲಿಗೆ ದಾರಿ ಮಾಡಿಕೊಂಡು ಏರುತ್ತದೆ, ಇನ್ನೊಂದು ಮಗ್ಗುಲಿನ ಮಣಿಗಳು ಉಪವಾಸ ಬೀಳುತ್ತವೆ. ಹೀಗಾಗಿ ಗೌಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡು ಸದಾ ಅವಳ ಪರ್ಸಿನಲ್ಲಿರುತ್ತದೆ. ಒಮ್ಮೆ ಯಾದಗಿರಿಯಲ್ಲಿ ನೆಂಟರ ಮದುವೆ. ಎಲ್ಲರೂ ಅಕ್ಕಿಕಾಳು ಹಿಡಿದು ನಿಂತಿದ್ದಾರೆ, ಅತ್ತೆಯ ಕಣ್ಣು ಮಾತ್ರ ಹಂದರದ ಕಂಬದ ಮೇಲೆ! ಕಂಬ ವಾಲಿದೆ ಎಂದು ಅವಳಿಗೆ ಕಂಡಿತು. ಕಂಡ ಮೇಲೆ ಸುಮ್ಮನಿರುವುದುಂಟೆ? ಇವತ್ತಿಗೂ ಆ ಮನೆಯ ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಮದುಮಗ, ಮದುಮಗಳು, ಅವರಿಬ್ಬರ ನಡುವೆ ತೂಗುಗುಂಡು ಇಳಿಬಿಟ್ಟುಕೊಂಡು ಒಂದು ಕಣ್ಣು ಮುಚ್ಚಿದ ನಮ್ಮ ಅತ್ತೆ ಇದ್ದಾರೆ.

ಸುರಪುರದ ನಮ್ಮ ಮನೆಯೋ, ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆ. ಅಲ್ಲಿ ನೆಟ್ಟಗಿರುವುದು ನಮ್ಮ ಆಯಿಯ ಮಾತೊಂದೇ. ಆಯಿ ಅಂದರೆ ಅಪ್ಪನ ಮತ್ತು ಅತ್ತೆಯ ತಾಯಿ. ಮನೆಯಲ್ಲಿ ಇರುವವರು ಅವರಿಬ್ಬರೇ, ಆಯಿ ಮತ್ತು ಅತ್ತೆ. ಕೊಳವೆ ನಿಲ್ಲಿಸಲು ಒಂದು ಗೋಡೆಯೂ ಸರಿ ಬರದಿದ್ದಾಗ ಅತ್ತೆ ಪಡಸಾಲೆಯ ತೊಲೆಯ ಕಡೆ ನೋಡಿದಳು. ಅಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗಳಿವೆ. ನಮ್ಮ ಮನೆಯ ಮಕ್ಕಳೆಲ್ಲ, ನಾನೂ, ತೂಗಿಸಿಕೊಂಡದ್ದು ಆ ಕೊಂಡಿಗಳಿಗೇ. ತೂಗುಬಿಟ್ಟದ್ದು ತಾನಾಗಿ ನೆಟ್ಟಗಿರುತ್ತದೆ ಎಂದು ಅತ್ತೆ ಗಾಜಿನ ಕೊಳವೆಯನ್ನು ಅಲ್ಲಿಗೆ ಕಟ್ಟಿಬಿಟ್ಟಳು, ಅಲ್ಲಾಡದ ಹಾಗೆ ಕೆಳಗೆ ಒಂದು ಭಾರದ ಕಲ್ಲು ತೂಗಿಬಿಟ್ಟು. ಆಯಿ ಹೊರಗಿನಿಂದ ಬಂದು ನೋಡಿದಳು. "ತೊಟ್ಟಿಲ ಕೊಂಡಿಗೆ ಪೈಪ್ ತೂಗಿಬಿಟ್ಟಿದಿ. ಆತು ಬಿಡು" ಎಂದು ಒಳಗೆ ಹೋದಳು. ಆಮೇಲೆ ಕೊಳವೆಯ ಕಡೆ ತಿರುಗಿ ನೋಡಲಿಲ್ಲ. ಅತ್ತೆ ಏನಾದರೂ ವಿವರಿಸಲು ಬಾಯಿ ತೆರೆದರೆ ಸಾರಿಗೆ ಒಗ್ಗರಣೆ ಹಾಕಬೇಕು ಎಂದು ಎದ್ದುಬಿಡುತ್ತಿದ್ದಳು. ಒಗ್ಗರಣೆ ಆಗಿಹೋದ ಸಾರಿಗೆ ಮತ್ತೊಮ್ಮೆ ಒಗ್ಗರಣೆ ಬಿದ್ದದ್ದೂ ಉಂಟು.

ಕೊಳವೆಯೇನೋ ನಿಂತಿತು, ನೀರು ಏರಿಸಲು ಪಂಪು? ಬೇಸಿಗೆ ಬಂತು. ಯಾದಗಿರಿ ಜಿಲ್ಲೆಯ ಬೇಸಿಗೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ, ಹೊರಗಿಟ್ಟ ಪಾತ್ರೆಯಲ್ಲಿ ಚಹಾ ಕುದಿಯುವುದೊಂದು ಬಾಕಿ! ಆಯಿಯ ಕೋಣೆಯ ಕೂಲರು ಬಿಸಿ ಗಾಳಿ ಊದತೊಡಗಿತು. ಪಾಪ, ಮುದುಕಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಕೂಲರಿಗೂ ಸೆಕೆಯಾಗಿದೆ ಎಂದುಕೊಂಡಳು. ರಿಪೇರಿಯವನು ಬಂದು ಬಿಚ್ಚಿ ನೋಡಿದರೆ ಒಳಗೆ ನೀರೆತ್ತುವ ಪಂಪೇ ಇಲ್ಲ. ಅದು ಪಡಸಾಲೆಯಲ್ಲಿ ಒಡೆದ ಹಾಲಿನ ನೀರೆತ್ತುತ್ತಿತ್ತು. ಹರಿವು ಹೆಚ್ಚು ಕಡಿಮೆ ಮಾಡಲು ಆಸ್ಪತ್ರೆಯ ಸಲೈನಿನ ನಳಿಕೆಯಲ್ಲಿರುವ ಪುಟ್ಟ ಗಾಲಿ. ಆಯಿ ಒಂದು ಬೀಸಣಿಕೆ ತರಿಸಿಕೊಂಡಳು.

ಗೈಡು ಮೊದಲ ಸಲ ಬಂದದ್ದು ಆ ಪಂಪಿನ ಕಾಲದಲ್ಲಿ. ಯಾದಗಿರಿಗೆ ರೈಲಿನಲ್ಲಿ ಬಂದು, ಶಹಾಪುರದ ಮೇಲಿಂದ ಸುರಪುರ ತಲುಪಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮಣಿಗಳು ಚಂದಾಗಿ ಮೇಲೆದ್ದು ತೇಲುತ್ತಿದ್ದವು. ಅವರು ಹತ್ತಿರದಿಂದ ನೋಡಲು ಎದ್ದು ಕೊಳವೆಯ ಬಾಯಿಗೆ ಬಗ್ಗಿದರು. ಅದೇ ಗಳಿಗೆಯಲ್ಲಿ ಓಣಿಯಲ್ಲಿ ಯಾರೋ ಬೋರಿನ ಮೋಟರು ಬಂದ್ ಮಾಡಿರಬೇಕು, ಕರೆಂಟಿನ ಜೋರು ಒಮ್ಮೆಲೇ ಏರಿತು! ಪಂಪು ಹುಚ್ಚು ಹಿಡಿದಂತೆ ಎತ್ತಿತು, ಮಣಿಗಳೆಲ್ಲ ಕೊಳವೆಯ ಬಾಯಿಂದ ಹಾರಿ ಗೈಡಿನ ಮುಖ, ಕನ್ನಡಕ, ಅಂಗಿ, ಎಲ್ಲ ಕಡೆ! ಅವರು ಮುಖ ಒರೆಸಿಕೊಂಡು, ಪರವಾಗಿಲ್ಲ ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೊರಟುಹೋದರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆಗೆ ನೆಲದ ಮೇಲಿನ ಮಣಿ ಬಳಿಯುವಾಗ ಹೊಳೆಯಿತು: ಒಂದು ಮುಷ್ಟಿ ಕಡಿಮೆ ಬರುತ್ತಿದೆ, ಅದು ಗೈಡಿನ ಜೇಬಿನಲ್ಲಿದೆ! ನನಗೆ ಫೋನು ಬಂತು. ಶಹಾಪುರದಿಂದ ಓಡಿ, ಸಿಕ್ಕ ಗಾಡಿ ಹತ್ತಿ, ಯಾದಗಿರಿ ಸ್ಟೇಷನ್ನಿಗೆ ಹೋಗಿ, ರೈಲಿಗಾಗಿ ಕಾಯುತ್ತಿದ್ದ ಆ ಸಂಭಾವಿತರ ಮುಂದೆ ಸ್ಟೀಲಿನ ಡಬ್ಬಿ ಹಿಡಿದು, ದಯವಿಟ್ಟು ಜೇಬು ಕೊಡವಿ ಸರ್ ಎಂದು ಬೇಡಿದೆ. ಪ್ಲಾಟ್‌ಫಾರ್ಮಿನ ಜನ ನಮ್ಮಿಬ್ಬರನ್ನೂ ನೋಡಿದರು. ಅವರು ಜೇಬು ಕೊಡವಿದರು. ಕೊಡವುತ್ತಲೇ ಆ ಕೊನೆಯ ಸಲದ ಮಾತನ್ನು ಹೇಳಿದರು.

ಅತ್ತೆಗೆ ಅದನ್ನು ಮುಟ್ಟಿಸಿದಾಗ ಮೊದಲ ಬಾರಿಗೆ ಅವಳು ಸುಮ್ಮನೆ ಕೂತದ್ದನ್ನು ನೋಡಿದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಒಳಗೆ ಪಾತ್ರೆ ತಿಕ್ಕುತ್ತಿದ್ದ ಆಯಿ ಕೆಲಸ ಬಿಟ್ಟು ಬಾಗಿಲ ಮರೆಗೆ ಬಂದಳು. ಅತ್ತೆ, "ಇದೂ ಹೋದ್ರ ನನ್ನ ಹತ್ರ ಬ್ಯಾರೆ ಏನೂ ಇಲ್ಲಲ್ಲ ತಂಗಿ" ಎಂದು ನನಗೆ ಹೇಳಿದಳು. ನಾನು ಡಬ್ಬಿಯ ಮಣಿಗಳನ್ನು ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಟ್ಟು ಬಂದೆ.

ಆದರೆ ನಮ್ಮ ಅತ್ತೆ ಸುಮ್ಮನೆ ಕೂರುವ ಜಾತಿಯೇ? ಮರುದಿನವೇ ಪಂಪು ಆಯಿಯ ಕೂಲರಿಗೆ ವಾಪಸು ಹೋಯಿತು. ಕರೆಂಟನ್ನು ನಂಬಬಾರದು, ಇಳಿಜಾರನ್ನು ನಂಬಬೇಕು ಎಂದು ಅತ್ತೆ ಮಾಳಿಗೆಯ ಮೇಲೆ ಎರಡು ಕೊಡ ಇಟ್ಟಳು, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಹಾಲಿನ ನೀರು. ಬೆಳಕಿಂಡಿಯಿಂದ ನಳಿಕೆ ಇಳಿಸಿ ಕೊಳವೆಯ ಬುಡಕ್ಕೆ ಜೋಡಿಸಿದಳು. ಮೇಲಿನ ಕೊಡದ ಮಟ್ಟ ಇಳಿಯದಂತೆ ತುಂಬುತ್ತಿದ್ದರೆ ಸಾಕು, ಹರಿವು ಒಂದೇ ಸಮ. ಆ ಕೊಡ ತುಂಬುವವರು ಯಾರು? ಛಂದಸ್ಸು ಕಲಿಸುವ ನಾನು!

ಗೈಡು ಬರುವ ದಿನ ಬಂತು. ಓಣಿಯ ಹೆಂಗಸರು ಆಗಲೇ ಬಾಗಿಲಲ್ಲಿ ನೆರೆದಿದ್ದರು. ನಾನು ಮಾಳಿಗೆ ಹತ್ತಿದೆ. ಹಾಲಿನ ನೀರಿನ ಕೊಡಕ್ಕೆ ವಿಭೂತಿಯ ಮೂರು ಗೆರೆ, ಮೇಲೆ ಕುಂಕುಮದ ಬೊಟ್ಟು, ಪಕ್ಕದಲ್ಲಿ ಎಲೆ ಅಡಿಕೆ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಮೊಣಕಾಲು ನೋವಿನ ಆಯಿ ಆ ಮೆಟ್ಟಿಲು ಹತ್ತಿ ಬಂದು ಹೋಗಿದ್ದಾಳೆ! ನನಗೆ ಒಳಗೊಳಗೇ ಖುಷಿಯಾಯಿತು. ಮುಚ್ಚಳ ತೆಗೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಬೆಳಕಿಂಡಿಯಿಂದ ಕೆಳಗಿನದೆಲ್ಲ ಕಾಣುತ್ತಿತ್ತು. ಮೊದಲು ತಿಳಿನೀರು ಬಿಟ್ಟೆವು. ಕೆಳಗೆ ಒತ್ತಿ ಕೂತಿದ್ದ ಮಣಿಗಳು ಒಂದೊಂದೇ ಎದ್ದು, ಬಿಡಿಬಿಡಿಯಾಗಿ, ನಿಧಾನಕ್ಕೆ ತೇಲಿದವು. ಕೊಳವೆಯಲ್ಲಿ ಮೊದಲಿನ ಎರಡರಷ್ಟು ಎತ್ತರಕ್ಕೆ ಏರಿ ಅಲ್ಲೇ ನಿಂತವು! ಗೈಡು ಅಳತೆಪಟ್ಟಿ ಹಿಡಿದು ನೋಡಿ ಹೂಂ ಅಂದರು, ಈ ಸಲ ಕುರ್ಚಿಯನ್ನು ಮಾರುದೂರ ಹಾಕಿಕೊಂಡಿದ್ದರು. ಅತ್ತೆ ಮೇಲೆ ನೋಡಿ ಸನ್ನೆ ಮಾಡಿದಳು. ನಾನು ನಳಿಕೆ ಬದಲಿಸಿ ಗಾಲಿ ತಿರುಗಿಸಿದೆ.

ಕೊಳವೆಯ ಬುಡಕ್ಕೆ ಇಳಿದದ್ದು ತಿಳಿಹಸಿರು ನೀರಲ್ಲ, ಹಳದಿ. ಥೇಟು ಅರಿಷಿಣದ ಹಳದಿ!

ಅತ್ತೆ ಕೊಳವೆಯ ಬುಡಕ್ಕೆ ಬಗ್ಗಿದಳು. ಇದೇನು ಬಣ್ಣ ಎಂದು ಗೈಡು ಕೇಳಿದರು. ನಾನು ಓಡಿ ಕೊಡದ ಮುಚ್ಚಳ ತೆಗೆದೆ: ಒಳಗೆಲ್ಲ ಅರಿಷಿಣ. ನಮ್ಮ ಕಡೆ ಹೊಸ ಬಾವಿಗೆ, ಹೊಸ ನಲ್ಲಿಗೆ ಗಂಗೆ ಪೂಜೆ ಮಾಡಿ ನೀರಿಗೆ ಅರಿಷಿಣ ಬಿಡುತ್ತಾರೆ. ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ಆಯಿ ನಿಂತಿದ್ದಳು. "ನಾ ಹಾಕೇನ್ರಿ. ಮಗಳ ಕೆಲಸ ಸುಸೂತ್ರ ಆಗಲಿ ಅಂತ ಗಂಗಿ ಪೂಜಿ ಮಾಡೇನಿ" ಎಂದು ಗೈಡಿಗೆ ಹೇಳಿ, ಮಗಳ ಮುಖ ನೋಡಿ, ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟಳು.

ಅವ್ವನ ಮಾತು ಬಿಡಿ, ನೀರಿನ ದಾರಿ ಕಾಣಲಿ ಅಂತ ನಾನೇ ಬಣ್ಣ ಹಾಕಿದ್ದೇನೆ ಸರ್ ಎಂದು ಅತ್ತೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಾಯಿ ಹೇಳಿದ್ದು ನಿಜ ಎಂದು ಒಪ್ಪಿಕೊಂಡು, ನಳಿಕೆ ಮುಚ್ಚಲು ಹೋದಳು. ಗೈಡು ಅವಳ ಕೈ ತಡೆದರು. "ಮುಚ್ಚಬೇಡಿ. ಇರಲಿ, ನೋಡೋಣ."

ನೋಡಿದೆವು! ಹಳದಿ ಏರತೊಡಗಿತು. ಸೊಟ್ಟಗಲ್ಲ, ಒಂದು ಮಗ್ಗುಲಿಗಲ್ಲ, ಸಪಾಟಾಗಿ, ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ! ಅರಿಷಿಣ ಪ್ರೋಟೀನಿನ ಕೈ ಹಿಡಿದುಕೊಂಡೇ ಇರುತ್ತದಂತೆ. ಹೀಗಾಗಿ ಪ್ರೋಟೀನು ಎಲ್ಲಿ ಅಂಟಿತೋ ಅಲ್ಲಿ ಮಣಿ ಹಳದಿ. ಕಣ್ಣಿಗೆ ಕಾಣದ್ದು ಕಾಣುತ್ತಿತ್ತು. ಕೊಳವೆಯ ಮೇಲಿನ ಬಾಯಿಂದ ಮಾತ್ರ ಹಾಲಿನ ಚೂರುಗಳು ತೇಲುವ ಬಿಳಿ ನೀರು ಹೊರಗೆ ಬೀಳುತ್ತಿತ್ತು, ಹಳದಿಯ ಹೆಸರೇ ಇಲ್ಲ! ಗೈಡು ಕುರ್ಚಿ ಬಿಟ್ಟೆದ್ದರು. ಹತ್ತಿರ ಬಂದರು. ಕೊಳವೆಗೆ ಮೂಗು ತಾಗಿಸಿದರು. ನೀರು ಹೀಗೆ ಸಪಾಟಾಗಿ ಏರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಅವರು ಚೀಲದಲ್ಲಿ ಬಣ್ಣದ ಸೀಸೆ ತಂದಿದ್ದರಂತೆ, ಅದನ್ನು ಹೊರಗೆ ತೆಗೆಯಲೇ ಇಲ್ಲ.

ಆಮೇಲೆ ತಿಳಿನೀರಿನಿಂದ ತೊಳೆದು, ಮಣಿಗಳನ್ನು ಕೆಳಗೆ ಕೂರಿಸಿ, ಮೇಲಿಂದ ಉಪ್ಪಿನ ನೀರು ಬಿಟ್ಟಳು ಅತ್ತೆ. ಬುಡದಿಂದ ಗಾಢ ಹಳದಿ ನೀರು ಒಟ್ಟೊಟ್ಟಿಗೆ ಇಳಿದು ಸಣ್ಣ ಸೀಸೆಗೆ ಬಂತು. ಕೊಡಗಟ್ಟಲೆ ನೀರಿನ ಸಾರ ಒಂದು ಸೀಸೆಯಲ್ಲಿ! ಅದರಲ್ಲಿ ಒಂದಿಷ್ಟನ್ನು ದೀಪದ ಮೇಲೆ ಕಾಯಿಸಿದರೆ ಮೊಟ್ಟೆಯ ಹಾಗೆ ಗಟ್ಟಿಯಾಯಿತು. ಪ್ರೋಟೀನು! ಗೈಡು ಕನ್ನಡಕ ತೆಗೆದು ಒರೆಸಿಕೊಂಡು, ಹೆಸರು ತೆಗೆಸುವುದಿಲ್ಲ, ಬರೆಯಲು ಶುರು ಮಾಡಿ ಎಂದರು. ಅರಿಶಿನ ಹಾಕಿದವರು ಯಾರು ಅಂತಲೂ ಬರೆಯಬೇಕು ಎಂದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, ತಾವಾಗಿಯೇ ಜೇಬು ಹೊರಗೆಳೆದು ತೋರಿಸಿದರು!

ಅತ್ತೆ ನನ್ನ ಎರಡೂ ಕೈ ಹಿಡಿದು ಪಡಸಾಲೆಯಲ್ಲಿ ಗಿರಗಿರ ತಿರುಗಿದಳು. ಓಣಿಯ ಹೆಂಗಸರೆಲ್ಲ ಒಳಗೆ ಬಂದರು, ಯಾರೋ ಸಕ್ಕರೆ ಹಂಚಿದರು. ಅಷ್ಟೆಲ್ಲ ಗದ್ದಲದಲ್ಲೂ ಅತ್ತೆ ಮಣಿ ತೊಳೆಯದೆ ಬಿಟ್ಟಾಳೇ? ಅಂಟಿ ಉಳಿದದ್ದನ್ನು ಕಳೆಯಲು ಕಾಸ್ಟಿಕ್ ಸೋಡಾದ ನೀರು ಬಿಟ್ಟಳು. ಬಿಟ್ಟದ್ದೇ ಸೈ, ಕೊಳವೆಯೊಳಗೆ ಉಳಿದಿದ್ದ ಹಳದಿ ನೋಡನೋಡುತ್ತ ಕಡುಗೆಂಪಾಗಿ ಬೋಗುಣಿಗೆ ಇಳಿಯಿತು! ಹೆಂಗಸರೆಲ್ಲ ಹೌಹಾರಿದರು.

ಸದ್ದು ಕೇಳಿ ಆಯಿ ಹೊರಗೆ ಬಂದಳು. ಮುಂಜಾನೆಯಿಂದ ಒಂದು ಗುಟುಕು ಚಹಾ ಕುಡಿದಿರಲಿಲ್ಲ, ಎಲ್ಲ ಹಾಳು ಮಾಡಿದೆ ಎಂದು ಗೋಡೆಗೆ ಮುಖ ಮಾಡಿ ಕೂತಿದ್ದಳಂತೆ. ಬೋಗುಣಿಯ ಕೆಂಪು ನೀರನ್ನು ಬಗ್ಗಿ ನೋಡಿದಳು. "ಅರಿಷಿಣಕ್ಕ ಸುಣ್ಣ ಬಿತ್ತೇನು? ಆರತಿ ನೀರು ಆಗ್ಯದಲ್ಲ."

"ಸುಣ್ಣದಂಥಾದ್ದ ಯವ್ವಾ. ಮುಟ್ಟಬ್ಯಾಡ, ಕೈ ಸುಡತದ."

"ಹಂಗಾರ ನಾ ಕೆಡಿಸಿಲ್ಲ?"

ಇಲ್ಲ ಎಂದು ಅತ್ತೆ ತಲೆ ಅಲ್ಲಾಡಿಸಿದಳು. ಆಯಿ ಒಳಗೆ ಹೋಗಿ ತಾನೇ ಅರಿಷಿಣ ಸುಣ್ಣ ಕಲಸಿದ ತಾಟು ಹಿಡಿದು ಬಂದಳು. ಆ ಮನೆಯಲ್ಲಿ ಆರತಿ ಎತ್ತಿದ್ದು ಮದುವೆಯಾಗಿ ಬಂದವರಿಗೆ, ಕೂಸು ಎತ್ತಿಕೊಂಡು ಬಂದವರಿಗೆ. ನನಗೂ ಎತ್ತಿದ್ದಾರೆ. ಅತ್ತೆಗೆ ಎತ್ತುವ ಪ್ರಸಂಗವೇ ಬಂದಿರಲಿಲ್ಲ. ಆಯಿ ಮಗಳನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಕೆಂಪು ನೀರಿನ ತಾಟು ನಿವಾಳಿಸಿ, ಬೆರಳು ಅದ್ದಿ ಅರ್ಧ ಬೆಳ್ಳಗಾದ ಆ ತಲೆಯ ಕೆಳಗೆ, ಹಣೆಗೆ ಹಚ್ಚಿದಳು. ಆಮೇಲೆ ಕೊಳವೆಯ ಕೆಳಗೇ ಚಾಪೆಯ ಮೇಲೆ ಕೂತಳು.

"ಈಗ ಹೇಳು. ಇದರಾಗ ಏನ ಆಗತದ?"

ಊರಿಗೆಲ್ಲ ಹೇಳಿ ದಣಿಯದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಇಷ್ಟ ದಿನ ನೀ ಒಮ್ಮಿನೂ ಕೇಳಲಿಲ್ಲಲ್ಲವ್ವಾ."

"ಈಗ ಕೇಳಾಕತ್ತೀನಲ್ಲ" ಎಂದು ಆಯಿ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. "ಕುಂದ್ರು. ಮೊದಲಿಂದ ಹೇಳು."